ಸಿಂಧೂರದಡಿಯ ಕಲ್ಲು

ಕಳೆದ ವಾರ ಪರೇಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಣ್ಣೆಯಲ್ಲಿ ಕಲಸಿದ ಸಿಂಧೂರದ ವಾಸನೆ ಬಂತು. ಹಿಂದಿನ ಅರಳಿಮರದ ಬುಡದಲ್ಲಿ ಆ ಕಲ್ಲಿದೆ ಎಂದು ತಿರುಗದೆಯೇ ಗೊತ್ತಿತ್ತು. ಕಲ್ಲಿನ ಜೊತೆಗೆ ನಮ್ಮ ಚಾಳಿನ ಗೈಡ್ ಮಾಮ ನೆನಪಾದರು…

ಉಡುಪಿ ಕಡೆಯವರು. ವರ್ಷಗಟ್ಟಲೆ ಹೋಟೆಲಿನ ಗಲ್ಲಾದಲ್ಲಿ ಕೂತು, ನಿವೃತ್ತರಾದ ಮೇಲೆ ಭಾನುವಾರದ ಬೆಳಿಗ್ಗೆಗಳಲ್ಲಿ ದಾದರ್ ಸ್ಟೇಷನ್ನಿನಿಂದ ಪರೇಲ್‌ವರೆಗೆ ಜನರನ್ನು ನಡೆಸಿ ಊರು ತೋರಿಸುತ್ತಿದ್ದರು. ಬೇರೆ ಗೈಡುಗಳು ತೋರಿಸುವ ಯಾವುದೂ ಅವರಿಗೆ ಬೇಡ. ಹಳೇ ಬಾಲ್ಕನಿಯ ಕಬ್ಬಿಣದ ಬಳ್ಳಿಯಲ್ಲಿ ಅಡಗಿದ ನವಿಲು, ಮಿಲ್ಲಿನ ಗೋಡೆಯಲ್ಲಿ ಯಾರೋ ಕಾರ್ಮಿಕ ಕೊರೆದ ಗಣಪತಿ, ಇಂಥವೇ. ಕೊನೆಗೆ ಈ ಕಲ್ಲು. ತಲೆಮಾರುಗಳಿಂದ ಹಚ್ಚಿದ ಸಿಂಧೂರ ಅದರ ಮೇಲೆ ದಪ್ಪ ಚಿಪ್ಪಾಗಿ ಕೂತಿತ್ತು. ಒಳಗೇನಿದೆಯೆಂದು ಕಂಡವರಿಲ್ಲ. ವೀರಗಲ್ಲು ಎಂದು ಮಾಮನ ವಾದ. ತಾನೇ ಕಂಡುಹಿಡಿದದ್ದೆಂಬ ಹೆಮ್ಮೆ ಬೇರೆ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದವಳು. ಬಿಡುತ್ತೇನೆಯೆ?

"ಪ್ರೂಫ್ ಎಲ್ಲಿ ಮಾಮ?"

"ತಲೆ ದುಂಡಗೆ ಉಂಟಲ್ಲ, ಕಾಣುದಿಲ್ವಾ?"

"ಮೈಲಿಗಲ್ಲಿನ ತಲೆನೂ ದುಂಡಗೇ ಇರತ್ತೆ. ಬ್ರಿಟಿಷರು ನೆಟ್ಟಿದ್ದಕ್ಕೆ ನೀವು ಕತ್ತಿ ಗುರಾಣಿ ಕೊಡ್ತಿದ್ದೀರಿ."

ಸಿಟ್ಟು ಬರುತ್ತದೆಂದುಕೊಂಡೆ. ಮುಂದಿನ ಭಾನುವಾರದಿಂದ ನನ್ನನ್ನೇ ಎದುರು ಪಕ್ಷಕ್ಕೆ ನಿಲ್ಲಿಸಿದರು! "ಇವಳು ನಮ್ಮ ವಕೀಲಮ್ಮ, ಮೈಲಿಗಲ್ಲು ಅಂತಾಳೆ. ಇಬ್ಬರದೂ ಕೇಳಿ, ಮತ್ತೆ ಕೈ ಎತ್ತಿ, ಆಯ್ತಾ?" ಕೈಗಳು ಅವರ ಕಡೆಗೇ ಏಳುತ್ತಿದ್ದವು. ವೀರನನ್ನು ಬಿಟ್ಟು ಮೈಲಿಗಲ್ಲಿಗೆ ಯಾರು ಓಟು ಹಾಕುತ್ತಾರೆ, ಹೇಳಿ.

ಒಂದು ಚೂರು ಕೆರೆದು ನೋಡಿದರೆ ಮುಗಿಯಿತಲ್ಲ ಎಂದೆ ಒಮ್ಮೆ.

"ಹೂ ಮಾರುವ ಆಯಿ ದಿನಾ ಕೈಮುಗಿಯುವ ಮೈ ಅದು ಮಾರಾಯ್ತಿ, ಕೆರೆಯುದೆಂತ? ಭಾರ ಆದ ಮೇಲೆ ಸಿಂಧೂರದ ಕವಚ ತಾನಾಗಿ ಬೀಳ್ತದೆ. ಅದನ್ನು ಸಮುದ್ರಕ್ಕೆ ಬಿಡುದು ಇಲ್ಲಿನ ಕ್ರಮ. ಅಷ್ಟರವರೆಗೆ ಕಾಯುವ."

ಕಾಯುವುದು ವಾದವಲ್ಲ, ಪಲಾಯನ ಎಂದು ರೇಗಿಸಿದೆ. ಅವರೋ ನಿಜಕ್ಕೂ ಕಾಯುತ್ತಿದ್ದರು. ಪ್ರತಿ ಮಳೆಗಾಲ ಮುಗಿದಾಗ ಬೆರಳ ಗೆಣ್ಣಿನಿಂದ ಚಿಪ್ಪನ್ನು ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂತೇ ಎಂದು ಕಿವಿಗೊಡುತ್ತಿದ್ದರು. ಮಂಡಿ ಸೋತು ನಡಿಗೆ ನಿಂತ ಮೇಲೆ, ನಾನು ಆ ಕಡೆಯಿಂದ ಬಂದಾಗಲೆಲ್ಲ ಬಾಗಿಲಲ್ಲೇ ಪ್ರಶ್ನೆ: "ಬಿತ್ತಾ?"

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಪ್ರಶ್ನೆ ಕೇಳಲಿಲ್ಲ. "ಮೈಲಿಗಲ್ಲಾದ್ರೂ ಅಡ್ಡಿಲ್ಲ… ಒಮ್ಮೆ ನೋಡ್ಬೇಕಿತ್ತು" ಎಂದರು.

ಕಳೆದ ವಾರ ತಿರುಗಿದಾಗ ಕವಚ ಇರಲಿಲ್ಲ. ಬರಿಯ ಕಪ್ಪು ಕಲ್ಲು. ಅದರ ಮೇಲೆ ಸ್ಪಷ್ಟವಾಗಿ ಕೆತ್ತಿದ ರೋಮನ್ ಅಂಕಿ. ಕತ್ತಿಯಿಲ್ಲ, ಗುರಾಣಿಯಿಲ್ಲ. ನಾನು ಗೆದ್ದಿದ್ದೆ.

ಪಕ್ಕದಲ್ಲೇ ಹೂ ಮಾರುವ ಆಯಿ ಬಟ್ಟಲಲ್ಲಿ ಹೊಸ ಸಿಂಧೂರ ಕಲಸುತ್ತಿದ್ದಳು. ಬಿದ್ದ ಕವಚವನ್ನು ಬೆಳಿಗ್ಗೆಯೇ ದಾದರ್ ಚೌಪಾಟಿಗೆ ಒಯ್ದು ಸಮುದ್ರಕ್ಕೆ ಬಿಟ್ಟುಬಂದಳಂತೆ. ಇದು ದೇವರಲ್ಲ, ಹಳೇ ಮೈಲಿಗಲ್ಲು ಎಂದೆ.

"ಮಗ ಕಾಯ್ ಝಾಲಂ?" ಆದರೇನಾಯಿತು ಎಂದು ನಕ್ಕು ಬಟ್ಟಲನ್ನು ನನ್ನತ್ತ ಚಾಚಿದಳು.

ನಂಬಿಕೆಯಿಲ್ಲದವಳು ನಾನು. ಆದರೂ ಒಂದು ಬೆರಳಷ್ಟು ಹಚ್ಚಿದೆ, ಅಂಕಿಯ ಜಾಗ ಬಿಟ್ಟು. ನಾಳೆಯೋ ನಾಡಿದ್ದೋ ಆಯಿ ಅದನ್ನೂ ಮುಚ್ಚುತ್ತಾಳೆ.

ಬಿತ್ತು ಮಾಮ, ಎಂದು ಹೇಳೋಣವೆಂದರೆ ಎದುರು ಪಕ್ಷದಲ್ಲಿ ಯಾರೂ ಇರಲಿಲ್ಲ…