ಸೊಟ್ಟ ಕಿರುಬೆರಳು

ನಮ್ಮ ಚಿಕ್ಕಪ್ಪ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ. ಹಳೆಯ ಪರ್ಷಿಯನ್ ಕವಿತೆಗಳ ಒಂದು ದಪ್ಪ ಪುಸ್ತಕಕ್ಕಾಗಿ ಮೂರು ವರ್ಷ ಕಣ್ಣು ಸವೆಸಿದ. ಅದರಲ್ಲಿ ಮುಖಗಳೆಲ್ಲ ಒಂದೇ ಅಚ್ಚು, ಬಾದಾಮಿ ಕಣ್ಣು, ಚುಕ್ಕೆಯಂಥ ಬಾಯಿ. ಆ ಶೈಲಿಯೇ ಹಾಗೆ. ಕೈ ಬರೆಯುವಾಗ ಮಾತ್ರ ಅವನಿಗೆ ಎದುರಿಗೊಂದು ನಿಜವಾದ ಕೈ ಬೇಕು. ಅಡುಗೆಮನೆಯಿಂದ ಚಿಕ್ಕಮ್ಮನನ್ನು ಕರೆದು, ಲೋಟ ಹಿಡಿಸಿ ಕೂರಿಸುತ್ತಿದ್ದ.

"ಒಲೆ ಮೇಲೆ ಹಾಲಿದೆ, ಬೇಗ ಬರೀರಿ," ಎಂದು ಅವಳು ಗೊಣಗುತ್ತಿದ್ದಳು.

ಎಂದೋ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ಅವಳ ಕಿರುಬೆರಳು ಹೀಗೆ ರಾಜನಿಗೂ ಬಂತು, ಭಿಕ್ಷುಕನಿಗೂ ಬಂತು, ಮಧು ಸುರಿಯುವವಳಿಗೂ ಬಂತು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ಫೋಟೋ ತೆಗೆಸಿಕೊಳ್ಳುವಾಗ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಡುವ ಚಿಕ್ಕಮ್ಮನೂ ನಕ್ಕಳು.

ಪುಸ್ತಕ ಅಚ್ಚಾಗುವಷ್ಟರಲ್ಲಿ ಅವಳು ತೀರಿಕೊಂಡಳು. ತಿಂಗಳಾದ ಮೇಲೆ ಪ್ರಕಾಶಕ ಮೊದಲ ಪ್ರತಿ ಹಿಡಿದು ತಾನೇ ಮನೆಗೆ ಬಂದ.

"ಸಾರ್, ಕಿರುಬೆರಳು ಎಲ್ಲಾ ಕಡೆ ಸೊಟ್ಟ ಬಂದಿತ್ತು. ವಯಸ್ಸಾಯ್ತಲ್ಲ, ಕೈ ನಡುಗಿರ್ಬೇಕು ಅಂದ್ಕೊಂಡು ಕಂಪ್ಯೂಟರಲ್ಲಿ ನೆಟ್ಟಗೆ ಮಾಡಿಸ್ಬಿಟ್ಟೆ."

ಅವನ ಜಾಣತನಕ್ಕಿಷ್ಟು ಬೆಂಕಿ ಹಾಕ! ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪ ಮಾತ್ರ ಪುಟ ತಿರುವುತ್ತಾ, "ಒಳ್ಳೇದಾಯ್ತಪ್ಪ," ಎಂದ. ಬಾಗಿಲವರೆಗೂ ಹೋಗಿ ಅವನನ್ನು ಕಳಿಸಿ ಬಂದ.

ಆಮೇಲೆ ಇದ್ದುದರಲ್ಲೇ ಸಣ್ಣ ಕುಂಚ ಹುಡುಕಿಕೊಂಡು ಮೇಜಿನ ಮುಂದೆ ಕೂತ. ಮೊದಲ ಚಿತ್ರದಲ್ಲಿದ್ದ ರಾಜನ ಬೆರಳನ್ನು ಮತ್ತೆ ಸೊಟ್ಟ ಮಾಡತೊಡಗಿದ. ಅವನ ಕೈ ನಡುಗಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.