ಕುರಿ ಹಿಂದೆ ಹೋದ ಮೊಬೈಲ್

ಸಿಂದಗಿಯ ಒಂದು ಕಾಲೇಜಿನಲ್ಲಿ ನಾನು ಆಟ ಆಡಿಸುವ ಮಾಸ್ತರ. ಮೈದಾನಕ್ಕೆ ಬಾ ಅಂದರೆ ಹುಡುಗರು ಬರುತ್ತಾರೆ, ಬೇವಿನ ಗಿಡದ ಕೆಳಗೆ ಕೂತು ಮೊಬೈಲ್ ತಿಕ್ಕುತ್ತಾರೆ. ಈ ಸಲ ರಜೆಗೆ ಮುಂಚೆ ನಾನೂ ಹಟಕ್ಕೆ ಬಿದ್ದೆ. ಎಲ್ಲರ ಮೊಬೈಲಿಗೂ ಹೆಜ್ಜೆ ಎಣಿಸುವ ಆ್ಯಪ್ ಹಾಕಿಸಿ, ದಿನಾ ಹತ್ತು ಸಾವಿರ ಹೆಜ್ಜೆ ನಡೆದವರಿಗಷ್ಟೇ ಅಂಕ ಅಂತ ಹೇಳಿ ಕಳಿಸಿದೆ.

ರಜೆ ಮುಗಿದ ಮೇಲೆ ಯಂಕಂಚಿಯ ಮಾಳಪ್ಪ ಮೊಬೈಲ್ ತೋರಿಸಲು ಬಂದ. ಮೊದಲ ವಾರ ದಿನಾ ಇಪ್ಪತ್ತೆರಡು ಸಾವಿರ ಹೆಜ್ಜೆ. ಆಮೇಲೆ ಬರೀ ಮುನ್ನೂರು, ಇನ್ನೂರು.

“ಏನೋ ಇದು?”

“ಖರೇ ಹೇಳ್ತೇನ್ರಿ ಸರ್. ಅಪ್ಪ ಕುರಿ ಕಾಯಾಕ ಹೋಗುವಾಗ ಅವನ ಕಿಸೇದಾಗ ಮೊಬೈಲ್ ಇಟ್ಟು ಕಳಸ್ತಿದ್ದೆ. ನಾ ಮನ್ಯಾಗ ಮಲಗ್ತಿದ್ದೆ.”

“ಆಮ್ಯಾಲ?”

“ಅಪ್ಪಗ ರೀಲ್ಸ್ ನೋಡೂದು ಗೊತ್ತಾತ್ರಿ. ಗಿಡದ ಬುಡಕ ಕುಂತ್ರ ಏಳವಲ್ಲ. ಎರಡು ಕುರಿ ತಪ್ಪಿಸ್ಕೊಂಡು ಹ್ವಾದ್ವು. ಮೊಬೈಲ್ ಕೇಳಿದ್ರ ಕೊಡವಲ್ಲ. ಇವತ್ತ ನಿಮಗ ತೋರ್ಸಾಕಂತ ಹೆಂಗೋ ಇಸ್ಕೊಂಡು ಬಂದೇನ್ರಿ.”

“ಮತ್ತ ರಜೆ ಮುಗಿಯೂತನಕ ಕುರಿ ಯಾರು ಕಾಯ್ದ್ರೋ?”

ಮಾಳಪ್ಪ ತಲೆ ತಗ್ಗಿಸಿದ. “ನಾನ ರೀ.”

ಆಗ ಅವನನ್ನು ಸರಿಯಾಗಿ ನೋಡಿದೆ. ಬಿಸಿಲಿಗೆ ಮುಖ ಕರ್ರಗಾಗಿತ್ತು. ಹೊಟ್ಟೆ ಇಳಿದು ಬೆಲ್ಟಿಗೆ ಹೊಸದೊಂದು ತೂತು ಬಿದ್ದಿತ್ತು. ನನ್ನ ಇಡೀ ಕ್ಲಾಸಿನಲ್ಲಿ ನಿಜವಾಗಿ ನಡೆದವನು ಇವನೊಬ್ಬನೇ ಇರಬೇಕು. ಆ್ಯಪ್ ನಂಬಿದರೆ ಇವನೇ ಫೇಲು.

ಪೂರ್ತಿ ಅಂಕ ಹಾಕಿದೆ. ಕಾಲೇಜಿಗೆ ಸೇರಿಸಿಕೊಳ್ಳಬೇಕಾಗಿದ್ದು ಅವನಪ್ಪನನ್ನು. ನಮ್ಮ ಮೈದಾನದ ಬೇವಿನ ಗಿಡದ ಕೆಳಗೆ ಕೂರಲು ಬೇಕಾದ ಅರ್ಹತೆಯೆಲ್ಲ ಒಂದೇ ವಾರದಲ್ಲಿ ಅವನಿಗೆ ಬಂದಿತ್ತು.