ಅಕ್ಕನ ಮೊದಲ ಸುತ್ತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಅದೂ ಮೈಕ್ ಹಿಡಿದು ಮಾಡಿದ ತಪ್ಪು. ದೂರದ ಓಟದಲ್ಲಿ ರಾಷ್ಟ್ರಮಟ್ಟದ ಚಿನ್ನ ಗೆದ್ದು ಬಂದ ನನ್ನ ದೊಡ್ಡಮ್ಮನ ಮಗಳನ್ನು, ಅವಳಿಗೆ ಸನ್ಮಾನವಾದ ದಿನವೇ, ಅವಳ ಎದುರಿಗೇ ಅಣಕಿಸಿದೆ. ಆಗ ಅದನ್ನು ಕಲೆ ಎಂದು ಕರೆದಿದ್ದೆ. ನಮ್ಮ ಕಡೆ ಅದಕ್ಕೆ ಹೊಟ್ಟೆಕಿಚ್ಚು ಅಂತಾರೆ.

ನಾನು ಮಿಮಿಕ್ರಿ ಮಾಡುವವನು. ವಿದ್ಯಾನಗರದ ನಮ್ಮ ಬೀದಿಯಲ್ಲಿ ಸೊಪ್ಪಿನವಳು, ಗ್ಯಾಸ್ ತರುವವನು, ಅರ್ಧ ಮಂತ್ರ ನುಂಗುವ ಭಟ್ಟರು, ಯಾರೂ ನನ್ನಿಂದ ತಪ್ಪಿಸಿಕೊಂಡಿಲ್ಲ. ನನ್ನನ್ನೂ ಬಿಟ್ಟಿಲ್ಲ, ಇಂಟರ್‌ವ್ಯೂನಲ್ಲಿ ತೊದಲುವ ನಾನೇ ನನ್ನ ಒಳ್ಳೆಯ ಐಟಂ. ಅಮ್ಮ ಪಾಠ ಮಾಡುವ ಹೈಸ್ಕೂಲಿನಲ್ಲಿ ಕ್ರೀಡಾದಿನದ ಕೊನೆಗೆ ಪ್ರತಿ ವರ್ಷ ನನ್ನ ಕಾರ್ಯಕ್ರಮ ಇರುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುವಾಗ ಅಮ್ಮ ಪಕ್ಕದ ಮೇಡಂ ಕಡೆ ತಿರುಗಿ, "ನನ್ ಮಗ," ಅನ್ನುತ್ತಿದ್ದಳು. ವರ್ಷಕ್ಕೆ ಆ ಒಂದು ಸಲ. ನಾನು ಬದುಕಿದ್ದದ್ದೇ ಅದರ ಮೇಲೆ.

ಅಷ್ಟರಲ್ಲಿ ಆ ಚಿನ್ನ ಬಂತು. ಅಮ್ಮನ ಮೊಬೈಲ್ ಪರದೆಯ ಮೇಲಿದ್ದ ನಾನು ಹೋಗಿ, ಪದಕ ಕಚ್ಚಿಕೊಂಡ ಅಕ್ಕ ಬಂದಳು. ಬೆಳಗ್ಗೆ ಮುಸುಕೆಳೆದರೆ, "ಭದ್ರಾವತಿಲಿ ಅವಳು ಇಷ್ಟೊತ್ತಿಗೆ ಓಡಿ ಬಂದಿರ್ತಾಳೆ." ತಟ್ಟೆಯಲ್ಲಿ ಮುದ್ದೆ ಮಿಕ್ಕರೆ, "ಅವಳು ಇನ್ನೊಂದು ಹಾಕಿಸ್ಕೋತಾಳೆ." ಕಡೆಗೆ ನನ್ನ ಬುಡಕ್ಕೇ ಬಂತು.

"ಈ ಸಲ ಕ್ರೀಡಾದಿನಕ್ಕೆ ಅವಳೇ ಗೆಸ್ಟು. ಭಾಷಣ ಇದೆ. ನಿಂದು ಮುಂದಿನ ವರ್ಷ ಇಟ್ಕೊಳೋಣ."

"ಐದೇ ನಿಮಿಷ ಕೊಡಮ್ಮ."

"ಏನ್ ಮಾಡ್ತೀಯ ಐದು ನಿಮಿಷದಲ್ಲಿ?"

"ಸರ್‌ಪ್ರೈಸ್."

"ನಿನ್ನ ಸರ್‌ಪ್ರೈಸ್ ಅಂದ್ರೆ ನಂಗೆ ಬಿಪಿ ಏರುತ್ತೆ ಮಾರಾಯ," ಎಂದಳು. ಆದರೂ ಕೊಟ್ಟಳು.

ಆ ಭಾನುವಾರವೇ ಭದ್ರಾವತಿ ಬಸ್ ಹತ್ತಿದೆ. ದೊಡ್ಡಮ್ಮನ ಮನೆ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಸುತ್ತ ಅರ್ಧ ಮನೆಗಳಿಗೆ ಬೀಗ, ಮೈದಾನದ ತುಂಬ ಹುಲ್ಲು. ಅದರ ನಡುವೆ ಅಕ್ಕ ಓಡಿ ಓಡಿಯೇ ಸವೆಸಿದ ಒಂದು ಮಣ್ಣಿನ ದಾರಿ. ಕಟ್ಟೆಯ ಮೇಲೆ ಕೂತು ನೋಡಿದೆ. ಗಲ್ಲ ಮೇಲಕ್ಕೆ, ಎಡ ಮೊಣಕೈ ಕಂಕುಳಲ್ಲಿ ಕೋಳಿ ಅವುಚಿಕೊಂಡವರ ಹಾಗೆ, ತಿರುವು ಬಂದಾಗಲೆಲ್ಲ ನಾಲಿಗೆಯಿಂದ ತುಟಿ ಸವರುವುದು. ಒಂದು ಸುತ್ತಿಗೇ ಅಕ್ಕ ನನ್ನ ಮೈಗೆ ಬಂದಿದ್ದಳು. ಎದ್ದು ದೊಡ್ಡಮ್ಮನ ಮನೆಗೆ ಹೋಗಿ ದೋಸೆಗೆ ಕೂತೆ. ತುಂಬ ಹೊತ್ತಾದ ಮೇಲೆ ಅಕ್ಕ ನೆನೆದ ಬಟ್ಟೆಯಂತೆ ಬಂದಳು.

"ನೋಡ್ದೇನೋ?"

"ಪೂರ್ತಿ ನೋಡ್ದೆ."

ಕ್ರೀಡಾದಿನ ಬಂತು. ಶಾಲು ಹೆಡ್‌ಮಾಸ್ಟರು ಹೊದಿಸಿದರು. ಅಡಿಕೆ ಹಾರ ಹಾಕಿದ್ದು ಅಮ್ಮ. ಆ ಹಾರವನ್ನು ನಾನು ಅಂಗಡಿಯಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದೆ, ಅದು ಬೇರೆ. ಅಕ್ಕ ಚಿಕ್ಕದಾಗಿ ಮಾತಾಡಿದಳು. "ಪಕ್ಕದವರ ಕಾಲು ನೋಡ್ಕೊಂಡು ಓಡಿದ್ರೆ ನಿಮ್ಮ ಉಸಿರು ಕೆಡುತ್ತೆ. ಸೋತ ದಿನಾನೂ ಹೊಟ್ಟೆ ತುಂಬ ಉಣ್ಣಿ. ಗೆದ್ದ ದಿನ ಗೆರೆ ಹತ್ರಾನೇ ನಿಂತಿರಿ, ಕೊನೆಯವ್ರು ಬರೋ ತನಕ. ಅವ್ರೂ ಅಷ್ಟೇ ದೂರ ಓಡಿರ್ತಾರೆ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಐಟಂಗೆ ಅವಳ ಕಣ್ಣಲ್ಲಿ ನೀರು ಬಂದದ್ದು ನಗು ತಡೆಯಲಾಗದೆ ಮಾತ್ರ.

ಮುಂದಿನ ಐದು ನಿಮಿಷ ನನ್ನದು. "ಸೋತ ದಿನಾನೂ ಉಣ್ಣಿ" ಎಂದು ಅಕ್ಕನ ಧ್ವನಿ ತೆಗೆದೆ, ಕಂಕುಳಿಗೆ ಕೋಳಿ ಇಟ್ಟೆ, ನಿಂತಲ್ಲೇ ಓಡಿದೆ. ಮಕ್ಕಳು ಶಿಳ್ಳೆ ಹೊಡೆದರು. ಅಮ್ಮ ಪಕ್ಕದ ಮೇಡಂ ಕಡೆ ತಿರುಗಲಿಲ್ಲ.

ಅಕ್ಕ ಮಾತ್ರ ನಕ್ಕಳು. "ಚೆನ್ನಾಗಿದೆ ಕಣೋ. ಸ್ಟೇಜು ಸಾಲ್ದು, ಮೈದಾನದಲ್ಲಿ ಮಾಡು. ನಾನೂ ಬರ್ತೀನಿ, ಐದು ಸುತ್ತು." ಹಾರ ತೆಗೆದು ಅಮ್ಮನ ಕೈಗೆ ಕೊಟ್ಟಳು. ಇಡೀ ಶಾಲೆ ನೋಡುತ್ತಿತ್ತು, ಇಳಿಯದೆ ವಿಧಿಯಿರಲಿಲ್ಲ.

ಮೊದಲ ಸುತ್ತು ನನ್ನ ಬದುಕಿನ ಅತ್ಯುತ್ತಮ ಮಿಮಿಕ್ರಿ. ಪಕ್ಕದಲ್ಲೇ ಅಸಲಿ, ಇಲ್ಲಿ ನಕಲಿ, ಮಕ್ಕಳಿಗೆ ಹಬ್ಬ. ಎರಡನೆಯದರಲ್ಲಿ ತುಟಿ ಸವರುವುದು ಮರೆತುಹೋಯಿತು. ಮೂರನೆಯದರಲ್ಲಿ ಕೋಳಿ ಹಾರಿಹೋಯಿತು. ನಾಲ್ಕಕ್ಕೆ ದೇವರು ಇಳಿದ ಹಾಗೆ ಅಕ್ಕ ನನ್ನ ಮೈಬಿಟ್ಟು ಇಳಿದಳು. ಉಳಿದವನು ಪಕ್ಕೆ ಹಿಡಿದುಕೊಂಡ ನಾನೊಬ್ಬನೇ. ಅವಳು ಯಾವಾಗಲೋ ಮುಗಿಸಿದ್ದಳು. ಗೆರೆಯ ಹತ್ತಿರ ನಿಂತಿದ್ದಳು, ಭಾಷಣದಲ್ಲಿ ಹೇಳಿದ ಹಾಗೆಯೇ. ಕೊನೆಯವನು ಹೋಗಿ ಅವಳ ಕಾಲ ಬಳಿ ಕುಸಿದ.

ಅಮ್ಮ ನೀರಿನ ಬಾಟಲಿ ತಂದಳು. ಕೊಟ್ಟದ್ದು ಅಕ್ಕನಿಗೆ. ಅಕ್ಕ ಅದನ್ನು ನನ್ನ ಕೈಗಿಟ್ಟಳು.

ಅಷ್ಟಕ್ಕಾದರೂ ಬಾಯಿ ಮುಚ್ಚಬೇಕಿತ್ತು. ಅಮ್ಮ ಕೇಳಿಸಿಕೊಳ್ಳಲಿ ಎಂದೇ, ಏದುಸಿರಲ್ಲೇ ಕೇಳಿದೆ: "ಆದ್ರೂ... ನಿನ್ ಥರಾನೇ ಇತ್ತಲ್ವೇನೇ ಅಕ್ಕ?"

"ಮೊದಲ್ನೇ ಸುತ್ತು ನನ್ ಥರಾನೇ ಇತ್ತು ಮಾರಾಯ. ಮಿಕ್ಕಿದ್ದು ನೀನು ನೋಡೇ ಇಲ್ವಲ್ಲ, ಆವಾಗ ನಮ್ಮಮ್ಮನ ಹತ್ರ ದೋಸೆ ತಿಂತಿದ್ದೆ."